ರಾಷ್ಟ್ರಪತಿ ಚುನಾವಣೆ 2027ರ ನೋಟ್ಸ್: ಗುಣಾಕಾರ ಗಟ್ಟಿ, ಭವಿಷ್ಯ ಪೊಳ್ಳು

ವಿಜಯಪುರದ ಕೋಚಿಂಗ್ ಸೆಂಟರ್‌ಗಳ ಅಕ್ಕಪಕ್ಕದ ಝೆರಾಕ್ಸ್ ಅಂಗಡಿಗಳಲ್ಲಿ ರಾಷ್ಟ್ರಪತಿ ಚುನಾವಣೆಯ ಮೇಲೆ ಒಂದು ನೋಟ್ಸ್ ಮಾರಾಟಕ್ಕಿದೆ. ನೀಲಿ ರಟ್ಟು, ಸ್ಪೈರಲ್ ಬೈಂಡಿಂಗ್, ಎ4 ಅಳತೆಯ 56 ಪುಟ, ಬೆಲೆ 90 ರೂಪಾಯಿ. ಒಳರಟ್ಟಿನಲ್ಲೊಂದು ಕ್ಯೂಆರ್ ಕೋಡ್ ಇದ್ದು, ಸ್ಕ್ಯಾನ್ ಮಾಡಿದರೆ ಮೂರು ಶೀಟಿನ ಎಕ್ಸೆಲ್ ಫೈಲ್ ಪುಕ್ಕಟೆ ಇಳಿಯುತ್ತದೆ. ತಯಾರಿಸಿದವರ ಹೆಸರು ಎಲ್ಲಿಯೂ ಇಲ್ಲ. 2027ರಲ್ಲಿ ಗೆಲ್ಲುವವರು ಯಾರೆಂದು ಓದುಗರೇ ಮೊದಲೇ ಲೆಕ್ಕ ಹಾಕಿ ಹೇಳಬಹುದು ಎಂಬುದು ರಟ್ಟಿನ ಮೇಲಿನ ಭರವಸೆ.

ಕೆಎಎಸ್, ಪಿಎಸ್ಐ, ಎಫ್‌ಡಿಎ ನೌಕರಿ ಪರೀಕ್ಷೆಗಳಿಗೆ ಓದುವವರು ಇದನ್ನು ಕೊಳ್ಳಬಹುದೇ? ಮೊದಲ 44 ಪುಟಗಳಿಗಾಗಿ ಖಂಡಿತ ಕೊಳ್ಳಬಹುದು. ಎಕ್ಸೆಲ್ ಫೈಲನ್ನು ಹಲವು ಕಡೆ ತಿದ್ದಿಕೊಂಡು ಬಳಸಬೇಕು. ಕೊನೆಯ 12 ಪುಟಗಳಲ್ಲಿ 2027ರ ಫಲಿತಾಂಶ ಎಂದು ಅಚ್ಚಾಗಿರುವುದನ್ನು ನಂಬಬಾರದು. ಯಾಕೆ ಎಂಬುದನ್ನು ಮುಂದೆ ವಿವರವಾಗಿ ಬರೆಯುತ್ತೇವೆ. ತಪ್ಪು ಎಲ್ಲಿದೆ ಎಂದು ಹಿಡಿಯುವುದರಲ್ಲೇ ಈ ಚುನಾವಣೆಯ ಅರ್ಧ ಪಾಠವಿದೆ.

ವಿಧಾನಸಭೆ ಚುನಾವಣೆಯಲ್ಲಿ ಲಕ್ಷಗಟ್ಟಲೆ ಜನರ ಮನಸ್ಸನ್ನು ಊಹಿಸಬೇಕು. ರಾಷ್ಟ್ರಪತಿ ಚುನಾವಣೆಯಲ್ಲಿ ಮತದಾರರು ಯಾರು, ಎಷ್ಟು ಮಂದಿ, ಯಾವ ಪಕ್ಷದವರು ಎಂಬುದು ಮೊದಲೇ ಗೊತ್ತಿರುತ್ತದೆ. ಸಂವಿಧಾನದ 54ನೇ ವಿಧಿಯ ಪ್ರಕಾರ ಚುನಾಯಿತ ಸಂಸದರು ಮತ್ತು ಚುನಾಯಿತ ಶಾಸಕರು ಮಾತ್ರ ಎಲೆಕ್ಟೋರಲ್ ಕಾಲೇಜಿನಲ್ಲಿ, ಅಂದರೆ ಮತ ಹಾಕುವವರ ಮಂಡಳಿಯಲ್ಲಿ ಇರುತ್ತಾರೆ. 2022ರಲ್ಲಿ ಈ ಕಾಲೇಜಿನ ಪೂರ್ಣ ಬಲ 4,809. ಅದರಲ್ಲಿ 776 ಸಂಸದರು, 4,033 ಶಾಸಕರು. ಆದ್ದರಿಂದ ಇಲ್ಲಿ ಸಮೀಕ್ಷೆ ಬೇಕಿಲ್ಲ, ಲೆಕ್ಕ ಬೇಕು. ಪುಸ್ತಿಕೆ ಈ ಮಾತನ್ನು ಮೊದಲ ಪುಟದಲ್ಲೇ ಹೇಳಿ, ಅಲ್ಲಿಂದ ನೇರವಾಗಿ ಗಣಿತಕ್ಕೆ ಇಳಿಯುತ್ತದೆ. ಪೀಠಿಕೆಯೆಂದು ಹತ್ತು ಪುಟ ಸುತ್ತುವ ನೋಟ್ಸ್‌ಗಳ ನಡುವೆ ಇದು ಮೆಚ್ಚತಕ್ಕ ವಿಷಯ.

ಇಲ್ಲಿ ಒಬ್ಬರ ಮತವನ್ನು ಒಂದೆಂದು ಎಣಿಸುವುದಿಲ್ಲ, ಪ್ರತಿ ಮತಕ್ಕೂ ಒಂದು ತೂಕ ಇದೆ, ಅದೇ ಮತಮೌಲ್ಯ. ಆ ಅಧ್ಯಾಯ ಚೆನ್ನಾಗಿದೆ. ಕರ್ನಾಟಕದ ಉದಾಹರಣೆಯನ್ನು ಹಂತ ಹಂತವಾಗಿ ಬಿಡಿಸಿದ್ದಾರೆ. 1971ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 2,92,99,014. ಅದನ್ನು 224 ಚುನಾಯಿತ ಸ್ಥಾನಗಳಿಂದ ಭಾಗಿಸಿ, ಬಂದದ್ದನ್ನು ಮತ್ತೆ 1,000ದಿಂದ ಭಾಗಿಸಬೇಕು. 130.80 ಬರುತ್ತದೆ. ಶೇಷ 500ಕ್ಕೆ ಕಡಿಮೆಯಿಲ್ಲದಿದ್ದರೆ ಒಂದನ್ನು ಕೂಡಿಸಬೇಕೆಂದು 55ನೇ ವಿಧಿ ಹೇಳುವುದರಿಂದ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ಇಡೀ ವಿಧಾನಸಭೆಯದು 131 × 224 = 29,344. ಇದೇ ರೀತಿ ಉತ್ತರ ಪ್ರದೇಶದ ಶಾಸಕರಿಗೆ 208, ತಮಿಳುನಾಡು ಮತ್ತು ಜಾರ್ಖಂಡ್‌ನವರಿಗೆ 176, ಮಹಾರಾಷ್ಟ್ರದವರಿಗೆ 175, ಸಿಕ್ಕಿಂನವರಿಗೆ 7. ಎಲ್ಲ ರಾಜ್ಯಗಳ ಪಟ್ಟಿಯೂ ಇದೆ. ಒಂದೊಂದನ್ನೂ ಗುಣಿಸಿ ಕೂಡಿಸಿ ನೋಡಿದರೆ 2022ರ ಒಟ್ಟು 5,43,231ಕ್ಕೆ ಸರಿಯಾಗಿ ಹೊಂದುತ್ತದೆ. ಇದನ್ನು 776 ಸಂಸದರಿಗೆ ಹಂಚಿದರೆ ತಲಾ 700.04, ಅಂದರೆ 700. ಸಂಸದರ ಒಟ್ಟು 5,43,200, ಕಾಲೇಜಿನ ಒಟ್ಟು 10,86,431. ಅಚ್ಚಿನಲ್ಲಿ ಒಂದು ಅಂಕಿಯೂ ತಪ್ಪಿಲ್ಲ.

ಎಕ್ಸೆಲ್ ಫೈಲ್ ಮಾತ್ರ ಇಷ್ಟು ಶುದ್ಧವಾಗಿಲ್ಲ. ಮೊದಲ ಶೀಟಿನಲ್ಲಿ ಮತಮೌಲ್ಯದ ಕಾಲಂಗೆ ರೌಂಡ್ ಸೂತ್ರ ಹಾಕುವ ಬದಲು ಇಂಟ್ ಸೂತ್ರ ಹಾಕಿದ್ದಾರೆ. ಇಂಟ್ ಎಂದರೆ ದಶಾಂಶವನ್ನು ಕತ್ತರಿಸಿ ಎಸೆಯುವುದು. ಹಾಗಾಗಿ ಕರ್ನಾಟಕ 130ಕ್ಕೆ, 6.56 ಇರುವ ಸಿಕ್ಕಿಂ 6ಕ್ಕೆ ಇಳಿದಿವೆ. ಕರ್ನಾಟಕ ಒಂದರಲ್ಲೇ 224 ಮತಮೌಲ್ಯ ಮಾಯವಾಗುತ್ತದೆ. ಉತ್ತರ ಪ್ರದೇಶ 208.06, ಮಹಾರಾಷ್ಟ್ರ 175.04. ಇಲ್ಲಿ ಯಾವ ಸೂತ್ರ ಹಾಕಿದರೂ ಒಂದೇ ಉತ್ತರ. ದೊಡ್ಡ ರಾಜ್ಯಗಳನ್ನಷ್ಟೇ ತಾಳೆ ನೋಡಿದವರಿಗೆ ದೋಷ ಕಾಣದಿರುವುದು ಈ ಕಾರಣಕ್ಕೆ. ಸೂತ್ರ ಬದಲಿಸಿ, ಕೆಳಗಿನ ಮೊತ್ತ 5,43,231 ಬಂತೇ ಎಂದು ನೋಡಿ. ಬಂದರೆ ಶೀಟು ಸರಿಯಾಯಿತು.

ಎರಡನೇ ಶೀಟಿನಲ್ಲಿ ಇನ್ನೂ ದೊಡ್ಡ ತಪ್ಪಿದೆ. ಸಂಸದರ ಸಂಖ್ಯೆ ಎಂಬಲ್ಲಿ 788 ಎಂದು ತುಂಬಿದ್ದಾರೆ, ಅಂದರೆ ಲೋಕಸಭೆಯ 543ಕ್ಕೆ ರಾಜ್ಯಸಭೆಯ 245ನ್ನು ಹಾಗೆಯೇ ಕೂಡಿಸಿದ್ದಾರೆ. ರಾಜ್ಯಸಭೆಯ 12 ನಾಮನಿರ್ದೇಶಿತ ಸದಸ್ಯರಿಗೆ ರಾಷ್ಟ್ರಪತಿ ಚುನಾವಣೆಯಲ್ಲಿ ಮತವಿಲ್ಲ. ಉಪರಾಷ್ಟ್ರಪತಿ ಚುನಾವಣೆಯಲ್ಲಿ ಇದೆ. 2022ರಲ್ಲಿ ನಾಮನಿರ್ದೇಶನಗೊಂಡ ವೀರೇಂದ್ರ ಹೆಗ್ಗಡೆ, 2024ರಲ್ಲಿ ನಾಮನಿರ್ದೇಶನಗೊಂಡ ಸುಧಾ ಮೂರ್ತಿ ಇಬ್ಬರೂ ಈ ಗುಂಪಿನವರೇ. 776 ಇರಬೇಕಾದ ಜಾಗದಲ್ಲಿ 788 ಇಟ್ಟರೆ ಸಂಸದರ ಮತಮೌಲ್ಯ 700ರ ಬದಲು 689 ತೋರಿಸುತ್ತದೆ. ಅಲ್ಲಿಂದ ಮುಂದಿನದೆಲ್ಲ ತಪ್ಪೇ. ಅಚ್ಚಿನ 19ನೇ ಪುಟದಲ್ಲಿ ಇದೇ ಸಂಗತಿಯನ್ನು ಸರಿಯಾಗಿ ಬರೆದಿದ್ದಾರೆ. ಪುಸ್ತಿಕೆ ಬರೆದವರೊಬ್ಬರು, ಫೈಲ್ ಮಾಡಿದವರು ಮತ್ತೊಬ್ಬರು ಎಂಬ ಅನುಮಾನ ಇಲ್ಲಿಂದಲೇ ಶುರುವಾಗುತ್ತದೆ.

ನಮ್ಮ ಕಡೆಯ ವಿದ್ಯಾರ್ಥಿಗಳು ಹೆಚ್ಚು ಎಡವುವುದು ವಿಧಾನ ಪರಿಷತ್ತಿನ ವಿಷಯದಲ್ಲಿ. ಕರ್ನಾಟಕದಲ್ಲಿ 75 ಸದಸ್ಯರ ಪರಿಷತ್ತು ಇದೆ. ಶಿಕ್ಷಕರ, ಪದವೀಧರರ, ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಂದ ಚುನಾವಣೆ ನಡೆದೇ ಹಲವರು ಅಲ್ಲಿಗೆ ಹೋಗುತ್ತಾರೆ. ಹೀಗಾಗಿ ಅವರೂ ಚುನಾಯಿತರಲ್ಲವೇ ಎಂಬ ಪ್ರಶ್ನೆ ಸಹಜ. 54ನೇ ವಿಧಿ ಹೇಳುವುದು ವಿಧಾನಸಭೆಯ ಚುನಾಯಿತ ಸದಸ್ಯರನ್ನು ಮಾತ್ರ. ಪರಿಷತ್ ಸದಸ್ಯರಾಗಿದ್ದುಕೊಂಡು ಮಂತ್ರಿಯಾದವರಿಗೂ ಮತವಿಲ್ಲ. ಪುಸ್ತಿಕೆ ಇದಕ್ಕೆ ಒಂದು ಪ್ರತ್ಯೇಕ ಚೌಕಟ್ಟು ಹಾಕಿ ವಿವರಿಸಿರುವುದು ಒಳ್ಳೆಯ ಕೆಲಸ.

ಇಡೀ ನೋಟ್ಸ್‌ನಲ್ಲಿ ತೀರ ಉಪಯುಕ್ತವಾದ ಪುಟ 23ನೆಯದು. ಬೆಳಗಾವಿಯ 18, ವಿಜಯಪುರದ 8, ಬಾಗಲಕೋಟೆಯ 7, ಒಟ್ಟು 33 ವಿಧಾನಸಭಾ ಕ್ಷೇತ್ರಗಳ ಮತಮೌಲ್ಯವನ್ನು ಅಲ್ಲಿ ಬೇರೆಯಾಗಿ ತೆಗೆದಿದ್ದಾರೆ. 33 × 131 = 4,323. ಇಡೀ ದೆಹಲಿ ವಿಧಾನಸಭೆಯ ಮೌಲ್ಯ 4,060, ಹಿಮಾಚಲ ಪ್ರದೇಶದ್ದು 3,468. ಮೇಘಾಲಯ, ಮಣಿಪುರ, ನಾಗಾಲ್ಯಾಂಡ್, ಅರುಣಾಚಲ, ಮಿಜೋರಾಂ, ಸಿಕ್ಕಿಂ ಈ ಆರು ರಾಜ್ಯಗಳನ್ನು ಸೇರಿಸಿದರೂ 3,664 ಮಾತ್ರ. ನಮ್ಮ ಮೂರು ಜಿಲ್ಲೆಗಳ ಶಾಸಕರ ಮೌಲ್ಯ ಆರು ರಾಜ್ಯಗಳ ಶಾಸಕರದಕ್ಕಿಂತ ಹೆಚ್ಚು. ಅದೇ ಹೊತ್ತಿಗೆ ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ, ವಿಜಯಪುರದ ನಾಲ್ವರು ಲೋಕಸಭಾ ಸದಸ್ಯರೇ 2,800 ಆಗುತ್ತಾರೆ. ಒಬ್ಬ ಸಂಸದರ ಮತ ಕರ್ನಾಟಕದ ಐದಕ್ಕಿಂತ ಹೆಚ್ಚು ಶಾಸಕರ ಮತಕ್ಕೆ ಸಮ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಸೂತ್ರವನ್ನು ನೂರು ಸಲ ಬಾಯಿಪಾಠ ಮಾಡುವುದಕ್ಕಿಂತ ಈ ಒಂದು ಪುಟವನ್ನು ಕೈಯಾರೆ ಬಿಡಿಸಿದರೆ ವಿಷಯ ಮನಸ್ಸಿನಲ್ಲಿ ಕೂರುತ್ತದೆ.

ಇನ್ನು ಗೆಲುವಿನ ಕೋಟಾ. ಮೂರನೇ ಶೀಟಿನಲ್ಲಿ ಗೆಲ್ಲಲು ಬೇಕಾದ ಮತಮೌಲ್ಯ 5,43,216 ಎಂದು ಗಟ್ಟಿಯಾಗಿ ಬರೆದಿಟ್ಟಿದ್ದಾರೆ. ಇದು 10,86,431ರ ಅರ್ಧಕ್ಕೆ ಒಂದು ಕೂಡಿಸಿ ಬಂದ ಸಂಖ್ಯೆ. ಕೋಟಾ ಲೆಕ್ಕವಾಗುವುದು ಕಾಲೇಜಿನ ಪೂರ್ಣ ಬಲದ ಮೇಲಲ್ಲ, ಚಲಾವಣೆಯಾಗಿ ಸಿಂಧುವಾದ ಮತಗಳ ಮೌಲ್ಯದ ಮೇಲೆ. 2022ರಲ್ಲಿ ಮತ ಹಾಕಿದವರು 4,754, ಅಸಿಂಧು 53, ಸಿಂಧು 4,701. ದ್ರೌಪದಿ ಮುರ್ಮು ಅವರಿಗೆ 6,76,803, ಯಶವಂತ ಸಿನ್ಹಾ ಅವರಿಗೆ 3,80,177, ಕೂಡಿದರೆ 10,56,980. ಅದರ ಅರ್ಧಕ್ಕೆ ಒಂದು ಸೇರಿಸಿದರೆ 5,28,491. ಶೀಟಿನ ಸಂಖ್ಯೆಗೂ ನಿಜವಾದ ಕೋಟಾಕ್ಕೂ 14,725ರ ಅಂತರ. ಏಕಪಕ್ಷೀಯ ಸ್ಪರ್ಧೆಯಲ್ಲಿ ಇದರಿಂದ ಏನೂ ಆಗದು. ಹತ್ತಿರದ ಸ್ಪರ್ಧೆಯಲ್ಲಿ ಗೆದ್ದವರನ್ನು ಸೋತವರೆಂದು ಈ ಶೀಟು ತೋರಿಸಬಹುದು.

ಅಸಿಂಧು ಮತ ಎಂದರೆ ಸಣ್ಣ ವಿಷಯವೆಂದು ಪುಸ್ತಿಕೆ ಒಂದೇ ಸಾಲಿನಲ್ಲಿ ಮುಗಿಸಿದೆ. ಇದಕ್ಕೆ ಒಂದು ಪೂರ್ತಿ ಪುಟ ಬೇಕಿತ್ತು. 2022ರ 53 ಅಸಿಂಧು ಮತಗಳಲ್ಲಿ 15 ಸಂಸದರದು. ಅಂದರೆ 10,500 ಮತಮೌಲ್ಯ ಅಲ್ಲೇ ಹೋಯಿತು. 2017ರಲ್ಲಿ ಅಸಿಂಧು 77, ಅದರಲ್ಲಿ 21 ಸಂಸದರದು, ಆಗಿನ 708ರ ಲೆಕ್ಕದಲ್ಲಿ 14,868. ಕಾನೂನು ಮಾಡುವವರೇ ಮತಪತ್ರದಲ್ಲಿ ಹೇಗೆ ತಪ್ಪುತ್ತಾರೆ? ಸಂಸದರಿಗೆ ಹಸಿರು, ಶಾಸಕರಿಗೆ ಗುಲಾಬಿ ಬಣ್ಣದ ಮತಪತ್ರ ಕೊಡುತ್ತಾರೆ. ಚುನಾವಣಾ ಆಯೋಗ ಕೊಡುವ ನೇರಳೆ ಶಾಯಿಯ ಪೆನ್ನಿನಲ್ಲೇ ಗುರುತು ಹಾಕಬೇಕು. ಅಭ್ಯರ್ಥಿಗಳ ಹೆಸರಿನ ಮುಂದೆ ಮೆಚ್ಚಿನ ಕ್ರಮದಲ್ಲಿ 1, 2, 3 ಎಂದು ಬರೆಯುವುದೇ ಪ್ರಾಶಸ್ತ್ಯ. ಯಾರ ಮುಂದೆಯೂ 1 ಎಂದು ಬರೆಯದೆ 2ರಿಂದ ಶುರು ಮಾಡಿದರೆ ಅಸಿಂಧು. ಇಬ್ಬರ ಮುಂದೆ 1 ಬರೆದರೆ ಅಸಿಂಧು. ಸಹಿಯನ್ನೋ ಮತದಾರರ ಗುರುತು ಸಿಗುವಂಥ ಬೇರೆ ಚಿಹ್ನೆಯನ್ನೋ ಹಾಕಿದರೆ ಅಸಿಂಧು. ಪ್ರಾಶಸ್ತ್ಯವನ್ನು ಅಂಕಿಯಲ್ಲಿ ಬರೆಯಬೇಕು, ಅಕ್ಷರದಲ್ಲಿ ಬರೆಯುವಂತಿಲ್ಲ. ಭಾರತೀಯ ಭಾಷೆಯ ಅಂಕಿಗೆ ಅವಕಾಶವಿರುವುದರಿಂದ ಕನ್ನಡದ ೧ ನಡೆಯುತ್ತದೆ, ‘ಒಂದು’ ನಡೆಯದು. ಭವಿಷ್ಯ ಲೆಕ್ಕ ಹಾಕುವವರು ಎರಡೂ ಕಡೆಯ ಮೊತ್ತದಿಂದ ಶೇಕಡಾ ಒಂದರಿಂದ ಒಂದೂವರೆಯಷ್ಟನ್ನು ಅಸಿಂಧುವಿಗೆಂದು ತೆಗೆದಿಡುವುದು ಕ್ಷೇಮ.

ಖಾಲಿ ಸ್ಥಾನಗಳ ಕಾಲಂ ಫೈಲಿನಲ್ಲಿ ಇಲ್ಲವೇ ಇಲ್ಲ. ಬಾಗಲಕೋಟೆ ಶಾಸಕರಾಗಿದ್ದ ಎಚ್.ವೈ. ಮೇಟಿ 2025ರ ನವೆಂಬರ್‌ನಲ್ಲಿ ನಿಧನರಾದರು. ಅಂಥ ಸಂದರ್ಭದಲ್ಲಿ ಒಬ್ಬ ಶಾಸಕರ ಮೌಲ್ಯ 131ರಿಂದ ಏರುವುದಿಲ್ಲ, ಇಳಿಯುವುದೂ ಇಲ್ಲ. ಭಾಗಿಸುವುದು ನಿಗದಿತ 224 ಸ್ಥಾನಗಳಿಂದಲೇ ಹೊರತು ಆ ದಿನ ಹಾಜರಿರುವ ಶಾಸಕರ ಸಂಖ್ಯೆಯಿಂದ ಅಲ್ಲ. ರಾಜ್ಯದ ಮೊತ್ತದಿಂದ ಮಾತ್ರ ಒಂದು 131 ಕಳೆಯುತ್ತದೆ: ಒಂದು ಸ್ಥಾನ ಖಾಲಿಯಿದ್ದರೆ 29,213. ವಿಧಾನಸಭೆಯೇ ವಿಸರ್ಜನೆಯಾಗಿದ್ದರೆ ಆ ರಾಜ್ಯದ ಶಾಸಕರ ಮತ ಪೂರ್ತಿ ಇಲ್ಲ. ಆದರೂ ಚುನಾವಣೆ ನಿಲ್ಲುವುದಿಲ್ಲ. 1974ರಲ್ಲಿ ಗುಜರಾತ್ ವಿಧಾನಸಭೆ ವಿಸರ್ಜನೆಯಾಗಿತ್ತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು, ಕಾಲೇಜಿನಲ್ಲಿ ಸ್ಥಾನ ಖಾಲಿಯಿದೆ ಎಂಬ ಕಾರಣಕ್ಕೆ ಆಯ್ಕೆಯನ್ನು ಪ್ರಶ್ನಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಆಗ ಅಭಿಪ್ರಾಯ ಕೊಟ್ಟಿತು. ಪುಸ್ತಿಕೆಯಲ್ಲಿ ಈ ಪ್ರಕರಣ ಇದೆ, ಫೈಲಿನಲ್ಲಿ ಅದಕ್ಕೆ ತಕ್ಕ ಕಾಲಂ ಇಲ್ಲ.

ಈಗ ಕೊನೆಯ 12 ಪುಟಗಳಿಗೆ ಬರೋಣ. ಅಲ್ಲಿ ಪಕ್ಷವಾರು ಬಲವನ್ನು ಎರಡು ಮೈತ್ರಿಕೂಟಗಳಿಗೆ ಹಂಚಿ, ಕೂಡಿಸಿ, 2027ರ ಫಲಿತಾಂಶ ಎಂದು ಒಂದೇ ಒಂದು ಸಂಖ್ಯೆ ಅಚ್ಚು ಹಾಕಿದ್ದಾರೆ. ಅಂಕಿಗಳು ಯಾವ ದಿನಾಂಕದವು ಎಂದು ಬರೆದಿಲ್ಲ. ರಾಷ್ಟ್ರಪತಿ ಚುನಾವಣೆಯ ಲೆಕ್ಕದಲ್ಲಿ ದಿನಾಂಕವಿಲ್ಲದ ಪಟ್ಟಿಗೆ ಬೆಲೆಯಿಲ್ಲ. ದ್ರೌಪದಿ ಮುರ್ಮು ಅಧಿಕಾರ ಸ್ವೀಕರಿಸಿದ್ದು 25 ಜುಲೈ 2022ರಂದು, ಅವಧಿ ಮುಗಿಯುವುದು 24 ಜುಲೈ 2027ಕ್ಕೆ. 2022ರಲ್ಲಿ ಮತದಾನ ಜುಲೈ 18ಕ್ಕೆ, ಎಣಿಕೆ ಜುಲೈ 21ಕ್ಕೆ ಆಗಿತ್ತು. ಅದರ ಹಿಂದಿನ ಸಲವೂ ಜುಲೈನಲ್ಲೇ. ಹಾಗಾದರೆ ಮತ ಹಾಕುವವರು 2027ರ ಜುಲೈ ಹೊತ್ತಿಗೆ ಶಾಸಕರಾಗಿರುವವರೇ ಹೊರತು ನೋಟ್ಸ್ ಅಚ್ಚಾದ ದಿನ ಶಾಸಕರಾಗಿದ್ದವರಲ್ಲ.

ನಡುವೆ ಏನೇನು ಬದಲಾಗುತ್ತದೆ ನೋಡಿ. ಪಶ್ಚಿಮ ಬಂಗಾಳ, ತಮಿಳುನಾಡು, ಕೇರಳ, ಅಸ್ಸಾಂ, ಪುದುಚೇರಿ ವಿಧಾನಸಭೆಗಳ ಅವಧಿ ಮುಗಿಯುವುದು 2026ರಲ್ಲಿ. ಇವುಗಳ ಒಟ್ಟು ಮೌಲ್ಯ 1,21,954. ಉತ್ತರ ಪ್ರದೇಶ, ಪಂಜಾಬ್, ಉತ್ತರಾಖಂಡ, ಗೋವಾ, ಮಣಿಪುರದ ವಿಧಾನಸಭೆಗಳು 2022ರ ಆರಂಭದಲ್ಲಿ ಚುನಾಯಿತವಾದವು, ಅವುಗಳ ಐದು ವರ್ಷ ತುಂಬುವುದು 2027ರಲ್ಲಿ, ರಾಷ್ಟ್ರಪತಿ ಚುನಾವಣೆಗೆ ಸ್ವಲ್ಪವೇ ಮೊದಲು. ಇವುಗಳ ಮೌಲ್ಯ 1,03,756. ಅದರಲ್ಲಿ ಉತ್ತರ ಪ್ರದೇಶ ಒಂದೇ 83,824. ಎರಡೂ ಗುಂಪು ಸೇರಿ 2,25,710, ಇಡೀ ಕಾಲೇಜಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು. ರಾಜ್ಯಸಭೆಯ ಮೂರನೇ ಒಂದರಷ್ಟು ಸದಸ್ಯರು ಎರಡು ವರ್ಷಕ್ಕೊಮ್ಮೆ ನಿವೃತ್ತರಾಗುತ್ತಾರೆ. 2020ರ ಜೂನ್‌ನಲ್ಲಿ ತುಂಬಿದ ಕರ್ನಾಟಕದ ನಾಲ್ಕು ಸ್ಥಾನಗಳ ಅವಧಿ 2026ರ ಜೂನ್‌ವರೆಗೆ. ಬೆಳಗಾವಿ ಜಿಲ್ಲೆಯ ಈರಣ್ಣ ಕಡಾಡಿ ಆರಿಸಿ ಬಂದದ್ದು ಅದರಲ್ಲೊಂದಕ್ಕೆ. ನಾಲ್ಕು ಸ್ಥಾನಕ್ಕೆ 2,800. ಇಷ್ಟೆಲ್ಲ ಜರುಗುವ ಮೊದಲೇ ಒಂದು ಸಂಖ್ಯೆ ಅಚ್ಚು ಹಾಕಿ ಅದನ್ನು ಫಲಿತಾಂಶ ಎನ್ನುವುದು ಓದುವ ಮಕ್ಕಳಿಗೆ ಮಾಡುವ ಅನ್ಯಾಯ.

ಇದಕ್ಕಿಂತ ಆಳದ ದೋಷ ಇನ್ನೊಂದಿದೆ. ಮೈತ್ರಿಕೂಟದ ಹೆಸರನ್ನೇ ಮತವೆಂದು ಈ ನೋಟ್ಸ್ ಹಿಡಿಯುತ್ತದೆ. ಇತಿಹಾಸ ಹಾಗಿಲ್ಲ. 2007ರಲ್ಲಿ ಶಿವಸೇನೆ ಎನ್‌ಡಿಎಯಲ್ಲಿತ್ತು. ಆದರೂ ಎನ್‌ಡಿಎ ಬೆಂಬಲಿಸಿದ ಭೈರೋನ್ ಸಿಂಗ್ ಶೇಖಾವತ್ ಅವರನ್ನು ಬಿಟ್ಟು ಮಹಾರಾಷ್ಟ್ರದ ಪ್ರತಿಭಾ ಪಾಟೀಲ್ ಅವರಿಗೆ ಮತ ಹಾಕಿತು. 2012ರಲ್ಲಿ ಶಿವಸೇನೆ ಮತ್ತು ಜೆಡಿಯು ಎರಡೂ ಪ್ರಣಬ್ ಮುಖರ್ಜಿ ಕಡೆ ಹೋದವು. 2017ರಲ್ಲಿ ಜೆಡಿಯು ಬಿಹಾರದಲ್ಲಿ ಆರ್‌ಜೆಡಿ, ಕಾಂಗ್ರೆಸ್ ಜೊತೆ ಸರ್ಕಾರದಲ್ಲಿದ್ದುಕೊಂಡೇ, ಬಿಹಾರದ ರಾಜ್ಯಪಾಲರಾಗಿದ್ದ ರಾಮನಾಥ್ ಕೋವಿಂದ್ ಅವರನ್ನು ಬೆಂಬಲಿಸಿತು. 2022ರಲ್ಲಿ ಒಡಿಶಾದ ಬುಡಕಟ್ಟು ಮಹಿಳೆ ಅಭ್ಯರ್ಥಿ ಎಂದಾಗ ಬಿಜೆಡಿ ಬಂತು, ಜಾರ್ಖಂಡ್‌ನ ಜೆಎಂಎಂ ಬಂತು, ಉದ್ಧವ್ ಠಾಕ್ರೆ ಬಣದ ಶಿವಸೇನೆಯೂ ಬಂತು, ನಮ್ಮ ರಾಜ್ಯದ ಜೆಡಿಎಸ್ ಕೂಡ ಬೆಂಬಲಿಸಿತು. ಆಂಧ್ರದಲ್ಲಿ ವೈಎಸ್‌ಆರ್ ಕಾಂಗ್ರೆಸ್, ತೆಲುಗು ದೇಶಂ ಎರಡೂ ಮುರ್ಮು ಪರ ನಿಂತದ್ದರಿಂದ ಸಿನ್ಹಾ ಅವರಿಗೆ ಆ ರಾಜ್ಯದ ಶಾಸಕರಿಂದ ಒಂದೂ ಮತ ಬೀಳಲಿಲ್ಲ. ಅಭ್ಯರ್ಥಿಯ ಊರು, ಸಮುದಾಯ, ಭಾಷೆ ಇವು ಪಕ್ಷಗಳನ್ನು ಆಚೀಚೆ ಸರಿಸುತ್ತವೆ. ಹಾಗಾಗಿ ಅಭ್ಯರ್ಥಿಗಳ ಹೆಸರು ಘೋಷಣೆಯಾಗುವ ಮೊದಲು ಯಾರೂ ಒಂದೇ ಸಂಖ್ಯೆ ಹೇಳಬಾರದು. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಹೇಳುವುದೇ ಪ್ರಾಮಾಣಿಕ ಲೆಕ್ಕ.

ಘೋಷಣೆಯಾದ ಮೇಲೂ ಅಡ್ಡ ಮತದಾನ ಇದ್ದೇ ಇರುತ್ತದೆ. ಇದು ಗುಪ್ತ ಮತದಾನ, ಪಕ್ಷಗಳು ವಿಪ್, ಅಂದರೆ ಇಂಥವರಿಗೇ ಮತ ಹಾಕಿ ಎಂಬ ಆದೇಶ ಹೊರಡಿಸುವಂತಿಲ್ಲ. 2022ರಲ್ಲಿ ಕೇರಳದ 140 ಸದಸ್ಯರ ವಿಧಾನಸಭೆಯಲ್ಲಿ ಎನ್‌ಡಿಎ ಶಾಸಕರು ಒಬ್ಬರೂ ಇರಲಿಲ್ಲ, ಆದರೂ ಮುರ್ಮು ಅವರಿಗೆ ಅಲ್ಲಿಂದ ಒಂದು ಮತ ಬಂತು. ರಾಜ್ಯವಾರು ಎಣಿಕೆ ಪ್ರಕಟವಾಗುವುದರಿಂದ ಎಷ್ಟು ಮತ ಜಾರಿತು ಎಂಬುದು ತಿಳಿಯುತ್ತದೆ, ಯಾರದು ಎಂಬುದು ತಿಳಿಯದು.

1969ರ ಅಧ್ಯಾಯವನ್ನು ಮನಸಾರೆ ಹೊಗಳಬೇಕು. ಬೇರೆ ನೋಟ್ಸ್‌ಗಳು ವಿ.ವಿ. ಗಿರಿ ಗೆದ್ದರು ಎಂದಷ್ಟೇ ಬರೆದು ಮುಗಿಸುತ್ತವೆ. ಇಲ್ಲಿ ಎಣಿಕೆಯನ್ನೇ ತೆರೆದಿಟ್ಟಿದ್ದಾರೆ. ಆ ವರ್ಷದ ಜುಲೈನಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಪಕ್ಷದ ಅಧ್ಯಕ್ಷರು ಎಸ್. ನಿಜಲಿಂಗಪ್ಪ. ಪಕ್ಷದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಇಂದಿರಾ ಗಾಂಧಿ ಮಾತ್ರ ಪಕ್ಷ ನೋಡದೆ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು. ಮೊದಲ ಪ್ರಾಶಸ್ತ್ಯದಲ್ಲಿ ಗಿರಿ 4,01,515, ರೆಡ್ಡಿ 3,13,548, ಸಿ.ಡಿ. ದೇಶಮುಖ್ 1,12,769. ಕೋಟಾ 4,18,169. ಗಿರಿ ಮುಂದಿದ್ದರೂ ಕೋಟಾ ಮುಟ್ಟಲಿಲ್ಲ. ಕಡಿಮೆ ಮತ ಪಡೆದವರನ್ನು ಒಬ್ಬೊಬ್ಬರಾಗಿ ಕಣದಿಂದ ತೆಗೆದು, ಅವರ ಮತಪತ್ರಗಳ ಮುಂದಿನ ಪ್ರಾಶಸ್ತ್ಯವನ್ನು ವರ್ಗಾಯಿಸಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಈ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ವರ್ಗಾವಣೆಯಲ್ಲಿ ಗಿರಿ ಅವರಿಗೆ ಸಿಕ್ಕಿದ್ದು 18,562, ರೆಡ್ಡಿ ಅವರಿಗೆ 91,879. ಎರಡನೇ ಪ್ರಾಶಸ್ತ್ಯದ ಹೊಳೆ ರೆಡ್ಡಿ ಕಡೆಗೇ ಹರಿದಿತ್ತು, ಮೊದಲ ಸುತ್ತಿನ ಅಂತರ ದೊಡ್ಡದಿದ್ದುದರಿಂದ ಗಿರಿ ಉಳಿದರು. ಇಬ್ಬರಿಗಿಂತ ಹೆಚ್ಚು ಬಲವಾದ ಅಭ್ಯರ್ಥಿಗಳಿದ್ದರೆ ಮೊದಲ ಪ್ರಾಶಸ್ತ್ಯವನ್ನಷ್ಟೇ ಎಣಿಸಿ ಭವಿಷ್ಯ ಹೇಳಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಇಷ್ಟು ಚೆನ್ನಾಗಿ ಬರೆದವರು ತಮ್ಮ ಎಕ್ಸೆಲ್ ಫೈಲಿನಲ್ಲಿ ಎರಡನೇ ಪ್ರಾಶಸ್ತ್ಯಕ್ಕೆ ಒಂದು ಕಾಲಂ ಬಿಟ್ಟಿಲ್ಲ ಎಂಬುದು ಬೇಸರದ ಸಂಗತಿ.

1977ರ ಪುಟದಲ್ಲಿ ಸಾವಳಗಿಯ ಬಿ.ಡಿ. ಜತ್ತಿ ಅವರ ಬಗ್ಗೆ ನಾಲ್ಕು ಸಾಲಿದೆ. ಇನ್ನಷ್ಟು ಇರಬೇಕಿತ್ತು. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿ, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, ಉಪರಾಷ್ಟ್ರಪತಿಯಾಗಿ, ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡ ಮೇಲೆ 11 ಫೆಬ್ರುವರಿ 1977ರಿಂದ 25 ಜುಲೈ 1977ರವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ಅವರು. ಕರ್ನಾಟಕದಿಂದ ಚುನಾಯಿತರಾದ ರಾಷ್ಟ್ರಪತಿ ಯಾರು ಎಂಬ ಪ್ರಶ್ನೆಗೆ ಅವರ ಹೆಸರು ಬರೆಯುವವರಿದ್ದಾರೆ. ಅವರು ಚುನಾಯಿತರಲ್ಲ, ಹಂಗಾಮಿ. ಅದೇ ವರ್ಷದ ಚುನಾವಣೆಗೆ 37 ನಾಮಪತ್ರಗಳು ಬಂದಿದ್ದವು, 36 ತಿರಸ್ಕೃತವಾದವು, ಸಂಜೀವ ರೆಡ್ಡಿ ಅವಿರೋಧವಾಗಿ ಆಯ್ಕೆಯಾದರು. ಮತ ಎಣಿಸುವ ಪ್ರಸಂಗವೇ ಬರಲಿಲ್ಲ. ಈಗ ನಾಮಪತ್ರಕ್ಕೆ 50 ಸೂಚಕರು, 50 ಅನುಮೋದಕರು ಮತ್ತು 15,000 ರೂಪಾಯಿ ಠೇವಣಿ ಬೇಕು. ಸೂಚಕರೂ ಅನುಮೋದಕರೂ ಎಲೆಕ್ಟೋರಲ್ ಕಾಲೇಜಿನ ಸದಸ್ಯರೇ ಆಗಿರಬೇಕು. ಭವಿಷ್ಯ ಲೆಕ್ಕ ಹಾಕುವವರು ಮೊದಲು ನೋಡಬೇಕಾದ್ದು ನಾಮಪತ್ರ ಪರಿಶೀಲನೆಯ ದಿನವನ್ನು.

ಎರಡು ಕಡೆ ಪುಸ್ತಿಕೆ ಮುಂದಾಲೋಚನೆ ಮಾಡಿಲ್ಲ. 84ನೇ ತಿದ್ದುಪಡಿಯ ಪ್ರಕಾರ, 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ 1971ರ ಜನಸಂಖ್ಯೆಯೇ ಆಧಾರ. ಹೊಸ ಜನಗಣತಿಗೆ 1 ಮಾರ್ಚ್ 2027 ಆಧಾರ ದಿನಾಂಕ. ಜನಗಣತಿಯೂ ರಾಷ್ಟ್ರಪತಿ ಚುನಾವಣೆಯೂ ಒಂದೇ ವರ್ಷದಲ್ಲಿ ಬರುವುದರಿಂದ ಜನಸಂಖ್ಯೆಯ ಕಾಲಂ ಬದಲಿಸಬಹುದಾದಂತೆ ಇರಬೇಕು. ಫೈಲಿನಲ್ಲಿ ಅದು ಲಾಕ್ ಆಗಿದೆ. ಇನ್ನೊಂದು, ಜಮ್ಮು ಮತ್ತು ಕಾಶ್ಮೀರ. 2017ರಲ್ಲಿ ಅಲ್ಲಿನ 87 ಶಾಸಕರಿಗೆ ತಲಾ 72ರಂತೆ 6,264 ಇತ್ತು. 2022ರಲ್ಲಿ ವಿಧಾನಸಭೆಯೇ ಇರಲಿಲ್ಲ, ಸಂಸದರ ಮೌಲ್ಯ 708ರಿಂದ 700ಕ್ಕೆ ಇಳಿದದ್ದು ಅದಕ್ಕೇ. 2024ರಲ್ಲಿ ಅಲ್ಲಿ ಮತ್ತೆ ವಿಧಾನಸಭೆ ಬಂತು. ಆದರೆ ಅದು ಈಗ ಕೇಂದ್ರಾಡಳಿತ ಪ್ರದೇಶ, 54ನೇ ವಿಧಿಯ ವಿವರಣೆಯಲ್ಲಿ ಹೆಸರಿರುವುದು ದೆಹಲಿ ಮತ್ತು ಪುದುಚೇರಿಗೆ ಮಾತ್ರ. ಆ ಸಾಲನ್ನು ಬೇಕಾದಾಗ ಸೇರಿಸುವಂತೆ, ಬೇಡವಾದಾಗ ಸೊನ್ನೆ ಮಾಡುವಂತೆ ಇಟ್ಟುಕೊಳ್ಳಿ. ಅದು ಸೇರಿದರೆ ಎಲ್ಲ ಸಂಸದರ ಮೌಲ್ಯವೂ ಬದಲಾಗುತ್ತದೆ.

ಫೈಲನ್ನು ಬಳಸುವವರು ಮೊದಲು ಒಂದು ಪ್ರತಿ ಮಾಡಿಕೊಂಡು ತಿದ್ದುವುದು ಒಳ್ಳೆಯದು. ಇಂಟ್ ಇರುವಲ್ಲಿ ರೌಂಡ್, 788 ಇರುವಲ್ಲಿ 776. ಕೋಟಾದ ಮನೆಯಲ್ಲಿ ಅಂಕಿ ಅಳಿಸಿ, ಸಿಂಧು ಮತಗಳ ಮೊತ್ತದ ಅರ್ಧಕ್ಕೆ ಒಂದು ಕೂಡಿಸುವ ಸೂತ್ರ ಹಾಕಿ. ರಾಜ್ಯದ ಹೆಸರಿನ ಪಕ್ಕ ಖಾಲಿ ಸ್ಥಾನದ ಕಾಲಂ, ಅದರ ಪಕ್ಕ ಅಂಕಿಯ ದಿನಾಂಕದ ಕಾಲಂ ಸೇರಿಸಿ. ಪಕ್ಷಗಳನ್ನು ಎರಡೇ ಗುಂಪಿಗೆ ತುರುಕದೆ ಖಚಿತ, ವಾಲುವ, ಗೊತ್ತಿಲ್ಲದ ಎಂದು ಮೂರಾಗಿ ಹಂಚಿ. ಮೂರನೆಯದು ಪೂರ್ತಿ ಎದುರಾಳಿಗೆ ಹೋದರೂ ಒಬ್ಬರು ಕೋಟಾ ದಾಟುತ್ತಾರೆಯೇ ಎಂದು ನೋಡಿ. ದಾಟಿದರೆ ಮಾತ್ರ ಗೆಲುವು ಎಂದು ಬರೆಯಿರಿ. ಸರಿಯಾಯಿತೇ ಎಂದು ಪರೀಕ್ಷಿಸಲು 2022ರ ಮತಗಳನ್ನು ತುಂಬಿ: ಮುರ್ಮು ಪರ 540 ಸಂಸದರು ಅಂದರೆ 3,78,000, ಸಿನ್ಹಾ ಪರ 208 ಸಂಸದರು ಅಂದರೆ 1,45,600. ಉಳಿದ ಮೌಲ್ಯ ಶಾಸಕರದು, ಕ್ರಮವಾಗಿ 2,98,803 ಮತ್ತು 2,34,577. ಕೋಟಾ 5,28,491 ಬಂದರೆ ಫೈಲ್ ಕೆಲಸಕ್ಕೆ ಬಂತು.

ಅಚ್ಚಿನ ಗುಣಮಟ್ಟ ಸಾಧಾರಣ. ರಾಜ್ಯವಾರು ಪಟ್ಟಿಯಲ್ಲಿ 3 ಮತ್ತು 8 ಒಂದೇ ಥರ ಕಾಣುವಷ್ಟು ಮಸುಕು, ಮತಪತ್ರಗಳ ಮಾದರಿ ಕಪ್ಪುಬಿಳುಪಿನಲ್ಲಿ ಇರುವುದರಿಂದ ಹಸಿರು ಯಾವುದು ಗುಲಾಬಿ ಯಾವುದು ತಿಳಿಯದು. ಎಕ್ಸೆಲ್ ಫೈಲಿನ ಶೀರ್ಷಿಕೆಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ, ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ಸಾಲು ಬರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಇಲ್ಲವೇ ನುಡಿ ಹಾಕಿರುವ ಕಂಪ್ಯೂಟರ್‌ನಲ್ಲಿ ತೆರೆಯಿರಿ. ಅಂಗಡಿಯವರನ್ನು ಕೇಳಿದರೆ 44ನೇ ಪುಟದವರೆಗೆ ಮಾತ್ರ ಝೆರಾಕ್ಸ್ ತೆಗೆದು ಬೈಂಡ್ ಮಾಡಿಕೊಡುತ್ತಾರೆ, 90ಕ್ಕಿಂತ ಕಡಿಮೆಗೆ ಕೆಲಸ ಮುಗಿಯುತ್ತದೆ. ಹೊಸ ಮುದ್ರಣ ಬಂದಿದೆ ಎಂದರೆ 45ನೇ ಪುಟ ತೆರೆದು ಪಕ್ಷವಾರು ಪಟ್ಟಿಯ ಮೇಲೆ ದಿನಾಂಕ ಇದೆಯೇ ಎಂದು ನೋಡಿ, ಇದ್ದರೆ ಪೂರ್ತಿ ಪುಸ್ತಿಕೆ ತೆಗೆದುಕೊಳ್ಳಿ.